ಖಾಲಿ ಡಬ್ಬದ ತೂಕ

ನಮ್ಮ ಪೇಟೆಯ ಅಂಗಡಿಗಳ ಗೋಡೆಗಳಲ್ಲಿ ಈಚೆಗೆ ಹೊಸ ಬಗೆಯ ಫಲಕವೊಂದು ಕಾಣಿಸಿಕೊಳ್ಳುತ್ತಿದೆ. ‘ಪ್ರಾಮಾಣಿಕತೆ, ಗುಣಮಟ್ಟ, ಸೇವೆ: ಇವೇ ನಮ್ಮ ಮೌಲ್ಯಗಳು’ ಎಂದು ಅದರಲ್ಲಿ ಬರೆದಿರುತ್ತದೆ. ದೊಡ್ಡ ಕಂಪೆನಿಗಳನ್ನು ನೋಡಿ ಕಲಿತ ರೂಢಿಯಿದು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಮೂರು ಪದಗಳನ್ನು ಮೋಸಗಾರನೂ ಅಷ್ಟೇ ಸಲೀಸಾಗಿ ಬರೆಸಬಲ್ಲ. ನುಡಿದವನಿಗೆ ಯಾವ ನಷ್ಟವನ್ನೂ ತಾರದ ಮಾತನ್ನು ಮೌಲ್ಯವೆಂದು ಕರೆಯಲು ನಮಗಂತೂ ಮನಸ್ಸು ಬಾರದು.

ಮದ್ರಸದಲ್ಲಿ ನಮ್ಮ ಬಳಿ ಕಲಿತ ಯುವಕನೊಬ್ಬ ತನ್ನ ಅಣ್ಣನೊಂದಿಗೆ ಸೇರಿ ಬೇಕರಿ ತೆರೆದಿದ್ದಾನೆ. ಇಬ್ಬರು ಪಾಲುದಾರರು, ಮೂವರು ಕೆಲಸಗಾರರು. ನಾವು ಕನ್ನಡದಲ್ಲಿ ಪದವಿ ಪಡೆದವರೆಂಬ ಕಾರಣಕ್ಕೆ, “ಉಸ್ತಾದ್, ಫಲಕಕ್ಕೆ ನಾಲ್ಕು ಒಳ್ಳೆಯ ಸಾಲು ಬರೆದುಕೊಡಿ” ಎಂದು ಕೇಳಿಕೊಂಡ. ಇಶಾ ನಮಾಝಿನ ಬಳಿಕ ಸಹೋದರರಿಬ್ಬರನ್ನೂ ಕೂರಿಸಿಕೊಂಡು ನಾವು ಒಂದೇ ಪ್ರಶ್ನೆ ಕೇಳಿದೆವು: ಗಿರಾಕಿಯ ಕಣ್ಣಿಗೆ ಬೀಳದಂತೆ ನಿಮಗೆ ಲಾಭ ಬರುವುದು ಎಲ್ಲಿಂದ?

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದರು. ಬಳಿಕ ತಮ್ಮನೇ ಹೇಳಿದ: “ಡಬ್ಬದಿಂದ.”

ಸಿಹಿತಿಂಡಿಯನ್ನು ರಟ್ಟಿನ ಡಬ್ಬದ ಸಮೇತ ತೂಗುವುದು ಎಷ್ಟೋ ಅಂಗಡಿಗಳ ಪದ್ಧತಿ. ತೂಕದ ಯಂತ್ರಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬಿದ್ದಿರುತ್ತದೆ, ಯಂತ್ರ ಸುಳ್ಳು ಹೇಳುವುದಿಲ್ಲ. ಆದರೂ ಗಿರಾಕಿ ತಿಂಡಿಯ ಬೆಲೆಗೆ ರಟ್ಟನ್ನು ಕೊಳ್ಳುತ್ತಾನೆ. ಅವರ ಖಾಲಿ ಡಬ್ಬ 75 ಗ್ರಾಂ ತೂಗಿತು. ಕಿಲೋಗೆ 400 ರೂಪಾಯಿಯ ತಿಂಡಿಯಲ್ಲಿ ಅದು 30 ರೂಪಾಯಿ. ದಿನಕ್ಕೆ 20 ಡಬ್ಬ ಮಾರಿದರೆ 600, ತಿಂಗಳಿಗೆ 18,000. ಕೌಂಟರಿನಲ್ಲಿ ನಿಲ್ಲುವ ಹುಡುಗನ ಸಂಬಳ ಹೆಚ್ಚುಕಡಿಮೆ ಇದರಿಂದಲೇ ಹೊರಡುತ್ತಿತ್ತು.

“ಡಬ್ಬಕ್ಕೆ ನಾವೂ ದುಡ್ಡು ಕೊಟ್ಟಿರುತ್ತೇವಲ್ಲ ಉಸ್ತಾದ್” ಎಂದ ಅಣ್ಣ. ನ್ಯಾಯವಾದ ಮಾತೇ. ಹಾಗಿದ್ದರೆ ಡಬ್ಬದ ಬೆಲೆ ಇಷ್ಟೆಂದು ಹೇಳಿ ಪಡೆಯಬಹುದು. ಹೇಳದೆ ಪಡೆಯುವುದಷ್ಟೇ ಇಲ್ಲಿರುವ ತೊಡಕು.

ಪವಿತ್ರ ಕುರ್‌ಆನಿನ 83ನೆಯ ಅಧ್ಯಾಯಕ್ಕೆ ಅಳತೆಯಲ್ಲಿ ಕಡಿತ ಮಾಡುವವರ ಹೆಸರೇ ಇದೆ: ಅಲ್ ಮುತಫ್ಫಿಫೀನ್. ತಾವು ಪಡೆಯುವಾಗ ತುಂಬಿಸಿಕೊಂಡು, ಕೊಡುವಾಗ ಕಡಿಮೆ ಮಾಡುವವರಿಗೆ ನಾಶದ ಎಚ್ಚರಿಕೆಯೊಂದಿಗೆ ಆ ಅಧ್ಯಾಯ ಆರಂಭವಾಗುತ್ತದೆ. ಈ ಪದದ ಬೇರಿನಲ್ಲಿರುವ ‘ತಫೀಫ್’ ಎಂದರೆ ಅತ್ಯಲ್ಪವಾದದ್ದು ಎಂದರ್ಥ. ಕದ್ದದ್ದು ಕ್ಷುಲ್ಲಕವಾದ ಕಾರಣಕ್ಕೇ ಈ ಹೆಸರು ಬಂದಿತೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಮೂಟೆ ಹೊತ್ತೊಯ್ಯುವ ಕಳ್ಳನ ಕುರಿತಲ್ಲ, ಹಿಡಿಯಷ್ಟು ಉಳಿಸಿಕೊಳ್ಳುವ ವರ್ತಕನ ಕುರಿತು ಆ ಎಚ್ಚರಿಕೆ. 75 ಗ್ರಾಂ ಎಂದಾಗ ನಮಗೆ ಆ ಪದವೇ ನೆನಪಾಯಿತು.

ಆದರೆ ಅಣ್ಣನ ಆತಂಕವನ್ನು ತಳ್ಳಿಹಾಕುವಂತಿರಲಿಲ್ಲ. 925 ಗ್ರಾಂ ತಿಂಡಿಗೆ 400 ರೂಪಾಯಿ ಎಂದರೆ ಕಿಲೋಗೆ ನಿಜವಾದ ದರ ಸುಮಾರು 432. ಹಾಗೆಂದು ಬರೆದರೆ, 400 ಎಂದು ಬರೆದು ಡಬ್ಬ ಸೇರಿಸಿ ತೂಗುವ ಅಂಗಡಿಯ ಮುಂದೆ ಇವರೇ ದುಬಾರಿಯವರಾಗುತ್ತಾರೆ. ಸತ್ಯಕ್ಕೆ ಮಾರುಕಟ್ಟೆಯಲ್ಲಿ ಇಂತಹ ಅವಸ್ಥೆಯೂ ಉಂಟು. ಬಹಳ ಚರ್ಚೆಯ ಬಳಿಕ 420 ಎಂದು ಗೊತ್ತುಮಾಡಿ, ಉಳಿದದ್ದನ್ನು ತಾವೇ ಹೊರಲು ಒಪ್ಪಿದರು. ಮನೆಯಿಂದ ಡಬ್ಬ ತಂದವರಿಗೆ ಕಿಲೋಗೆ 10 ರೂಪಾಯಿ ಕಡಿಮೆ. ಮೊದಲ ಎರಡು ತಿಂಗಳು ಮಾರಾಟ ಇಳಿಯಿತು. ಅದನ್ನು ಅಣ್ಣ ಈಗಲೂ ನಮಗೆ ನೆನಪಿಸುತ್ತಾನೆ. ಸ್ಟೀಲ್ ಡಬ್ಬ ಹಿಡಿದು ಬರುವ ತಾಯಂದಿರು ಈಗೀಗ ಹೆಚ್ಚುತ್ತಿದ್ದಾರೆ.

ಎರಡನೆಯದು ಉಳಿದ ಮಾಲಿನ ವಿಚಾರ. ಬಿಡಿಯಾಗಿ ಮಾರುವ ಸಿಹಿತಿಂಡಿಯ ತಟ್ಟೆಯ ಮೇಲೆ ಎಂದಿನವರೆಗೆ ಬಳಸಬಹುದೆಂಬ ದಿನಾಂಕ ಹಾಕಬೇಕೆಂಬ ನಿಯಮವನ್ನು ಎಫ್‌ಎಸ್‌ಎಸ್‌ಎಐ 2020ರ ಅಕ್ಟೋಬರ್ 1ರಿಂದ ಜಾರಿಗೆ ತಂದಿತು. ಆದರೆ ನಿನ್ನೆಯ ಬನ್ನು, ಪಫ್ಸುಗಳನ್ನು ಇಂದಿನವುಗಳ ನಡುವೆ ಸೇರಿಸಿಬಿಡುವ ಕೈಯನ್ನು ನೋಡುವವರಾರು? ಪ್ರವಾದಿವರ್ಯರು(ಸ) ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಬೆರಳುಗಳು ಒದ್ದೆಯಾದವು. ಮಳೆ ಬಿತ್ತೆಂದು ವರ್ತಕ ಕಾರಣ ಕೊಟ್ಟ. ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲವೆಂದು ಕೇಳಿದ ಪ್ರವಾದಿವರ್ಯರು(ಸ), ವಂಚಿಸುವವನು ನಮ್ಮವನಲ್ಲವೆಂಬ ಕಠಿಣ ಮಾತನ್ನೂ ಆಡಿದರು. ಮಳೆ ಸುರಿದದ್ದು ಆತನ ತಪ್ಪಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಒದ್ದೆ ಧಾನ್ಯವನ್ನು ಮಾರಬಾರದೆಂದೂ ಅಲ್ಲಿ ಹೇಳಿಲ್ಲ. ತಳದಲ್ಲಿಟ್ಟದ್ದೇ ತಪ್ಪು. ಆದ್ದರಿಂದ ಬೇಕರಿಯಲ್ಲಿ ಈಗ ‘ನಿನ್ನೆಯದು’ ಎಂದು ಬರೆದ ತಟ್ಟೆಯೊಂದು ಎದುರಿಗೇ ಇದೆ, ಅರ್ಧ ಬೆಲೆಗೆ. ಬೆಳಿಗ್ಗೆ ಕೂಲಿಗೆ ಹೊರಡುವವರು ಚಹಾದೊಂದಿಗೆ ಕೊಳ್ಳುವುದರಿಂದ ಆ ತಟ್ಟೆ ಎಲ್ಲಕ್ಕಿಂತ ಮೊದಲೇ ಖಾಲಿಯಾಗುತ್ತದೆಯಂತೆ.

ಕೆಲಸಗಾರರ ಸಂಬಳದ ಸಾಲು ಬರೆಯಲು ಐದು ನಿಮಿಷವೂ ಹಿಡಿಯಲಿಲ್ಲ. ಮಾಲೀಕರು ತಮ್ಮ ಪಾಲು ತೆಗೆಯುವ ಮೊದಲು ಸಂಬಳ, ಅದೂ ತಿಂಗಳ ಒಂದನೆಯ ತಾರೀಕಿಗೆ.

ನಾಲ್ಕನೆಯ ಸಾಲು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ‘ಸಾಲ ಕೇಳಬೇಡಿ’ ಎಂದು ಬರೆಸೋಣವೆಂಬುದು ಅಣ್ಣನ ಹಟ. ನೆರೆಯವರಿಗೆ, ಅದರಲ್ಲೂ ಮದುವೆಮನೆಯವರಿಗೆ, ಹಾಗೆನ್ನಲಾಗದೆಂದು ತಮ್ಮ. ಕುರ್‌ಆನಿನ ಅತಿ ದೀರ್ಘ ಸೂಕ್ತವೇ ಸಾಲವನ್ನು ಬರೆದಿಡುವ ಕುರಿತಾದದ್ದು, ಅಲ್ ಬಕರದ 282ನೆಯದು. ಅದಕ್ಕೆ ಎರಡು ಸೂಕ್ತಗಳ ಮೊದಲು, ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಬೇಕೆಂಬ ಆದೇಶವಿದೆ. ಎರಡನ್ನೂ ಓದಿ ವಿವರಿಸಿದೆವು. “ಅವಕಾಶ ಕೊಡಬಹುದು ಉಸ್ತಾದ್, ಮೈದಾದ ವ್ಯಾಪಾರಿ ನಮಗೆ ಕೊಡಬೇಕಲ್ಲ” ಎಂದ ಅಣ್ಣ. ಫಲಕದ ಮೂರು ಸಾಲುಗಳು ಬರೆದಾಗಿವೆ. ನಾಲ್ಕನೆಯದರ ಜಾಗವನ್ನು ಸದ್ಯಕ್ಕೆ ಖಾಲಿ ಬಿಡಲಾಗಿದೆ.