ಆ ಕಲ್ಲು ಅಲ್ಲೇ ಇರಲಿ

ಪ್ರೀತಿಯ ತಮ್ಮಾ,

ನಿನ್ನ ಫೋನು ಬಂದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಭೀಮೆ ತುಂಬಿ ಹರಿಯುತ್ತಿದ್ದಾಳೆ, ಚಿಗವ್ವನ ಮೊಣಕಾಲು ನೋವು ಇಳಿದಿದೆ, ನಿಂಬೆಗೆ ಒಳ್ಳೆ ರೇಟು ಬಂದಿದೆ ಎಂದೆಲ್ಲ ಹೇಳಿ, ಕೊನೆಗೆ ಮೆಲ್ಲಗೆ ಆ ಮಾತು ತೆಗೆದೆ. ಬೇರೆ ಊರಿನ ಹೊಲದಲ್ಲಿ ಬಿದ್ದಿರುವ ವೀರಗಲ್ಲನ್ನು ರಾತ್ರೋರಾತ್ರಿ ಟ್ರ್ಯಾಕ್ಟರಿನಲ್ಲಿ ತಂದು ನಮ್ಮ ಗುಡಿಯ ಹಿಂದೆ ಹುಗಿಯಬೇಕು, ಮಳೆ ನಿಂತ ಮೇಲೆ 'ಸಿಕ್ಕಿತು' ಎಂದು ಪೇಪರಿನವರನ್ನು ಕರೆಯಬೇಕು ಅಂತ ನಿನ್ನ ಗೆಳೆಯರ ಆಸೆ. 'ಊರಿಗೆ ಹೆಸರು ಬರ್ತದಲ್ಲ ಅಕ್ಕಾ' ಅಂದೆ. ಚಿಕ್ಕವನಿದ್ದಾಗ ಜಾತ್ರೆಯ ಗೋಲಿಗಳನ್ನು ಹಿತ್ತಲಲ್ಲಿ ಹುಗಿದು, ನಿಧಿ ಸಿಕ್ಕಿತೆಂದು ಮನೆಮಂದಿಯನ್ನೆಲ್ಲ ಓಡಿಸಿದವನು ನೀನು. ಆಗ ಎಲ್ಲರೂ ಹೊಟ್ಟೆ ಹಿಡಿದು ನಕ್ಕಿದ್ದೆವು. ಈ ಸಲ ನನಗೆ ನಗು ಬರಲಿಲ್ಲ.

ವೀರಗಲ್ಲು ಅಂದರೇನು, ಹೇಳು? ಊರ ದನ ಹೊಡೆದುಕೊಂಡು ಹೋದವರ ಬೆನ್ನು ಹತ್ತಿ ಹೋಗಿ ಸತ್ತ ಯಾರೋ ಒಬ್ಬನ ನೆನಪು. ಅವನ ಮಂದಿ ಅತ್ತು, ಕಲ್ಲು ಕಡೆಸಿ, ತಮ್ಮ ನೆಲದಲ್ಲಿ ನಿಲ್ಲಿಸಿದ್ದು. ನಮ್ಮ ಅಜ್ಜನ ಗದ್ದುಗೆಯನ್ನು ಯಾರಾದರೂ ಕಿತ್ತೊಯ್ದು ತಮ್ಮ ಊರಿನದೆಂದರೆ ನಿನಗೆ ಹೇಗಾಗುತ್ತದೆ? ಹಾಗೆ ತಂದರೆ ಆ ಊರು ತನ್ನ ಸತ್ತವನನ್ನು ಕಳೆದುಕೊಳ್ಳುತ್ತದೆ, ನಮ್ಮ ಊರಿಗೆ ಹುಟ್ಟದೇ ಇದ್ದವನೊಬ್ಬ ಸತ್ತಂತಾಗುತ್ತದೆ. ಮುಂದೆ ಓದುವವರಿಗೆ ಎರಡೂ ಊರು ಸುಳ್ಳು ಹೇಳುತ್ತವೆ.

ನಿಜವಾಗಿ ಸಿಕ್ಕ ಕಲ್ಲು ಹೇಗಿರುತ್ತದೆ ನೋಡು. ನಮ್ಮ ಭೀಮೆಯೇ ಕೆಳಗೆ ಹರಿದು ಸನ್ನತಿಗೆ ಹೋಗುತ್ತಾಳೆ. 1986ರಲ್ಲಿ ಅಲ್ಲಿನ ಚಂದ್ರಲಾಂಬೆ ದೇವಸ್ಥಾನದ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ಮೂರ್ತಿಯ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಬ್ರಾಹ್ಮಿ ಅಕ್ಷರಗಳು, ಅಶೋಕನ ಶಾಸನ! ಎಂದೋ ಯಾರೋ ನಡುವೆ ತೂತು ಕೊರೆದು ಪೀಠ ಮಾಡಿಕೊಂಡಿದ್ದರು. ಅಕ್ಷರ ಹೋದದ್ದಕ್ಕೆ ನನಗೆ ಸಂಕಟವಾಗುತ್ತದೆ, ಆದರೆ ಅವರು ಯಾರಿಗೂ ಮೋಸ ಮಾಡಲಿಲ್ಲ. ಆ ತೂತು ಕೂಡ ಕಲ್ಲಿನ ಕತೆಯೇ. ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದಾಗ ದೊಡ್ಡ ಸ್ತೂಪವೇ ಸಿಕ್ಕಿತು, ಹೆಸರು ಬರೆದ ಅಶೋಕನ ಶಿಲ್ಪದ ಸಮೇತ. ಮಣ್ಣಿನ ಪದರ, ಸುತ್ತಲಿನ ಕಲ್ಲು, ಮಡಕೆಯ ಚೂರು ಎಲ್ಲವೂ ಸಾಕ್ಷಿಗೆ ನಿಂತವು. ಹುಗಿದ ಕಲ್ಲಿಗೆ ಯಾರು ಸಾಕ್ಷಿ ನಿಲ್ಲುತ್ತಾರೆ?

ಜಪಾನಿನಲ್ಲಿ ಶಿನಿಚಿ ಫುಜಿಮುರಾ ಎಂಬವನಿದ್ದ. ಅವನು ಕೈ ಇಟ್ಟಲ್ಲೆಲ್ಲ ಲಕ್ಷಾಂತರ ವರ್ಷ ಹಳೆಯ ಕಲ್ಲಿನ ಆಯುಧ ಸಿಗುತ್ತಿದ್ದವು. ಅವನದು ದೇವರ ಕೈ ಎಂದೇ ಹೆಸರಾಗಿತ್ತು. 2000ದ ನವೆಂಬರಿನಲ್ಲಿ ಮೈನಿಚಿ ಪತ್ರಿಕೆ, ಅವನೇ ಗುಂಡಿ ತೋಡಿ ಕಲ್ಲು ಹುಗಿಯುವ ಫೋಟೊಗಳನ್ನು ಅಚ್ಚು ಹಾಕಿತು. ಮಕ್ಕಳ ಪಠ್ಯಪುಸ್ತಕ ತಿದ್ದಬೇಕಾಯಿತು, ನೂರಕ್ಕೂ ಹೆಚ್ಚು ನೆಲೆಗಳು ಸಂಶಯಕ್ಕೆ ಬಿದ್ದವು. ಅವನ ಪಕ್ಕದಲ್ಲಿ ಬಿಸಿಲಲ್ಲಿ ಕೂತು ಪ್ರಾಮಾಣಿಕವಾಗಿ ಮಣ್ಣು ಕೆದರಿದವರನ್ನು ನೆನೆದರೆ ನನ್ನ ಕರುಳು ಚುರ್ ಎನ್ನುತ್ತದೆ. ನಾಳೆ ನಮ್ಮ ಗುಡಿಯ ಹಿಂದೆ ನಿಜವಾಗಿಯೇ ಏನಾದರೂ ಸಿಕ್ಕರೂ ಯಾರು ನಂಬುತ್ತಾರೆ, ತಮ್ಮಾ?

ನಮ್ಮೂರಿಗೇನು ಹೆಸರಿಗೆ ಬಡತನವೇ? ಹಳೆಯ ಶಾಸನಗಳ ಊರು ನಮ್ಮದು. ಅವುಗಳ ಮುಂದಿನ ಹುಲ್ಲು ಕಿತ್ತು, ಎಣ್ಣೆ ಸುಣ್ಣ ಬಳಿಯದಂತೆ ನೋಡಿಕೊಳ್ಳಲು ನಿನ್ನ ಗೆಳೆಯರಿಗೆ ಹೇಳು. ಆ ಹೊಲದ ಕಲ್ಲಿನ ಫೋಟೊ ಇದ್ದಲ್ಲೇ ತೆಗೆದು, ಆ ಊರಿನ ಹಿರಿಯರನ್ನು ಕೂಡಿಕೊಂಡು ಪುರಾತತ್ವ ಇಲಾಖೆಗೆ ಬರೆಯಿರಿ. ಪೇಪರಿನಲ್ಲಿ ನಿಮ್ಮ ಹೆಸರು ಹಾಗೆ ಬರಲಿ. ಕತ್ತರಿಸಿ ಇಟ್ಟುಕೊಳ್ಳುವವರಲ್ಲಿ ನಾನೇ ಮೊದಲಿಗಳು.

ಎಳ್ಳಮಾವಾಸ್ಯೆಗೆ ಬರುತ್ತೇನೆ. ಚರಗ ಚೆಲ್ಲಿದ ಮೇಲೆ ಇಬ್ಬರೂ ಆ ಹೊಲಕ್ಕೆ ಹೋಗೋಣ. ಕಲ್ಲು ಅಲ್ಲೇ ಇರಬೇಕು ನೋಡು.

ನಿನ್ನ ಅಕ್ಕ