ಬಿಚ್ಚಿದರೆ ಏಲಕ್ಕಿ ವಾಸನೆ

ಮಲೆನಾಡಿನಲ್ಲಿ ಬೆಳೆದವರಿಗೆ ಒದ್ದೆ ಎಂಬುದು ಹೊಸದಲ್ಲ. ಆಷಾಢದಲ್ಲಿ ಶಾಲೆಯ ಅಂಗಿಯನ್ನು ಬಚ್ಚಲೊಲೆಯ ಮೇಲೆ ಒಣಗಿಸಿ, ಹೊಗೆವಾಸನೆಯ ಸಮೇತ ತೊಟ್ಟುಕೊಂಡು ಹೋದವರು ನಾವು. ನೆನೆದ ಪುಸ್ತಕ, ಮೆತ್ತಗಾದ ಹಪ್ಪಳ, ಕಂಬಳಿ, ಬೂಟು ಎಲ್ಲಕ್ಕೂ ಒಂದೇ ಮದ್ದು, ಒಣಗಿಸುವುದು. ಬೆಂಗಳೂರಿಗೆ ಬಂದಮೇಲೆ ಒಲೆಯ ಜಾಗಕ್ಕೆ ಫ್ರಿಜ್ಜಿನ ಹಿಂಬದಿ ಬಂತು, ಅಷ್ಟೇ. ಹಾಗಾಗಿ ತಂಗಿಯ ಮಗನ ಲ್ಯಾಪ್‌ಟಾಪಿನ ಮೇಲೆ ಒಂದು ಲೋಟ ಕಾಫಿ ಮಗುಚಿಕೊಂಡಾಗ ಮನೆಯ ಇದ್ದಬದ್ದ ಬುದ್ಧಿಯೆಲ್ಲ ಅದೇ ದಿಕ್ಕಿಗೆ ಓಡಿತು.

ಹುಡುಗ ಇಂಜಿನಿಯರಿಂಗ್ ಕೊನೆಯ ವರ್ಷದವನು. ಪ್ರಾಜೆಕ್ಟ್ ರಿಪೋರ್ಟ್ ಅದರೊಳಗಿತ್ತು, ಬೇರೆಲ್ಲೂ ಇರಲಿಲ್ಲ. ಪರದೆ ಒಮ್ಮೆ ಮಿಣುಕಿ ಕಪ್ಪಾಯಿತು. ಅವನು ಮೊದಲು ಲೋಟ ಎತ್ತಿದ, ಆಮೇಲೆ ಮೇಜು ಒರೆಸಿದ, ಆಮೇಲೆ “ಆನ್ ಆಗತ್ತಾ ನೋಡ್ತೀನಿ” ಎಂದು ಬಟನ್ನಿಗೆ ಬೆರಳು ಚಾಚಿದ. ಅಷ್ಟರಲ್ಲಿ ಅವನಮ್ಮ ಆ ಕೈಗೇ ಒಂದು ಬಿಟ್ಟಳು. ಅದು ಕಾಫಿ ಚೆಲ್ಲಿದ್ದಕ್ಕೆ ಬಿದ್ದ ಏಟು. ಆದರೆ ಲ್ಯಾಪ್‌ಟಾಪಿನೊಳಗಿನ ಬೋರ್ಡು ಉಳಿದದ್ದು ಆ ಏಟಿನಿಂದ.

ಯಾಕೆಂದರೆ ಯಂತ್ರವನ್ನು ಕೊಲ್ಲುವುದು ನೀರೊಂದೇ ಅಲ್ಲ, ನೀರಿರುವಾಗ ಹರಿಯುವ ವಿದ್ಯುತ್ತು. ಬಟ್ಟಿ ಇಳಿಸಿದ ನೀರಿನಲ್ಲಿ ವಿದ್ಯುತ್ತು ಹರಿಯುವುದು ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಬೋರ್‌ವೆಲ್ ನೀರಿನ ಲವಣ, ಹಾಲಿನ ಲವಣ ಸೇರಿದರೆ ಧಾರಾಳವಾಗಿ ಹರಿಯುತ್ತದೆ. ಬೋರ್ಡಿನ ಮೇಲಿನ ತಾಮ್ರದ ಗೆರೆಗಳು ಕೂದಲಿನಷ್ಟು ಸಣ್ಣ. ಅವುಗಳ ನಡುವೆ ಒಂದು ಹನಿ ನಿಂತು, ಮೇಲೆ ವಿದ್ಯುತ್ತೂ ಇದ್ದರೆ ತಾಮ್ರವೇ ಕರಗಿ ಜಾಗ ಬಿಟ್ಟು ಸರಿಯತೊಡಗುತ್ತದೆ. ಹಳೆಯ ಹಿತ್ತಾಳೆ ಪಾತ್ರೆಯ ಕಿಲುಬು ಕಂಡವರಿಗೆ ಆಗ ಏಳುವ ಹಸಿರು ಬಣ್ಣದ ಪರಿಚಯ ಉಂಟು. ಸಕ್ಕರೆ ತಾನಾಗಿ ವಿದ್ಯುತ್ತನ್ನು ಹರಿಸುವುದಿಲ್ಲ, ಪಾಪ. ಆದರೆ ಅದು ಅಂಟಿಕೊಂಡು ಕೂತು, ಗಾಳಿಯ ತೇವವನ್ನು ಎಳೆದುಕೊಳ್ಳುತ್ತ, ಕೀಲಿಗಳನ್ನು ಮೇಲೇಳದಂತೆ ಹಿಡಿದಿಡುತ್ತದೆ. ನೀರು ಆರಿಹೋಗುತ್ತದೆ, ಉಳಿದದ್ದು ಅಲ್ಲೇ ಇರುತ್ತದೆ.

ಇದನ್ನೆಲ್ಲ ಹೇಳುವಷ್ಟು ವ್ಯವಧಾನ ಅವತ್ತು ಯಾರಿಗಿತ್ತು? ಸುದ್ದಿ ಮಹಡಿಗೆ ಹೋಗಿ ಮೇಲಿನ ಮನೆಯ ರಾಯರು ಇಳಿದು ಬಂದರು. ಅವರ ಸಲಹೆ ಅಕ್ಕಿ. ಅವರ ಮೊಬೈಲು ಒಮ್ಮೆ ಬಕೆಟ್ಟಿಗೆ ಬಿದ್ದಾಗ ಅಕ್ಕಿಯೇ ಬದುಕಿಸಿತ್ತಂತೆ. ಅಕ್ಕಿಯಿಲ್ಲದೆ ಸುಮ್ಮನೆ ಫ್ಯಾನಿನ ಕೆಳಗಿಟ್ಟಿದ್ದರೂ ಬದುಕುತ್ತಿತ್ತು ಎಂದು ಹಿರಿಯರಿಗೆ ಹೇಳುವುದು ಹೇಗೆ? ಅಕ್ಕಿಯ ಧೂಳೂ ಚೂರೂ ಒಳಗೆ ಸೇರಿ ಕೆಡಿಸಬಹುದು, ಅಕ್ಕಿ ಚೀಲಕ್ಕೆ ಹಾಕಬೇಡಿ ಎಂದು ಆಪಲ್ ಕಂಪನಿಯೇ ತನ್ನ ಫೋನುಗಳ ಬಗ್ಗೆ ಬರೆದು ಪ್ರಕಟಿಸಿದೆ. ತಂಗಿ ಹೇರ್ ಡ್ರೈಯರ್ ತಂದಳು. ಆ ಬಿಸಿಗಾಳಿಗೆ ಕಾಫಿ ಇನ್ನಷ್ಟು ಒಳಗೆ ಹೋಗುತ್ತದೆ, ಜೊತೆಗೆ ಪ್ಲಾಸ್ಟಿಕ್ಕು ಸೊಟ್ಟಗಾಗುತ್ತದೆ. ಭಾವನವರು ಬಿಸಿಲು ಎಂದರು. ಬಿಸಿಲೇ ಇರಲಿಲ್ಲ.

ಅಕ್ಕಿಯನ್ನು ತಡೆದದ್ದು ಅಮ್ಮ. “ಎಂಜಲು ಕಾಫಿ ಬಿದ್ದಿದ್ದನ್ನ ಅಕ್ಕಿ ಡಬ್ಬಕ್ಕೆ ಹಾಕ್ತೀರಾ? ಬುದ್ಧಿ ನೆಟ್ಟಗಿದೆಯಾ ನಿಮಗೆ?” ರಾಯರು ಬೇರೆ ಪಾತ್ರೆಯಲ್ಲಿ ಹಾಕೋಣ ಎಂದರು. “ಯಾವ ಪಾತ್ರೆ ಆದ್ರೇನು, ಕೊಳೆ ಆಗಿದ್ದನ್ನ ತೊಳೀಬೇಕು ಕಣ್ರೋ, ಒಣಗಿಸೋದಲ್ಲ. ಒಂದ್ಸಲ ಚೆನ್ನಾಗಿ ತೊಳೆದುಬಿಡಿ.” ಎಲ್ಲರೂ ನಕ್ಕರು. ಮೊಮ್ಮಗನಂತೂ ಅಳುವಿನ ನಡುವೆಯೂ ನಕ್ಕ: “ಅಜ್ಜಿ, ಅದು ಲ್ಯಾಪ್‌ಟಾಪು, ಇಡ್ಲಿ ತಟ್ಟೆ ಅಲ್ಲ.”

ಮರುದಿನ ಬೆಳಿಗ್ಗೆ ಎಸ್.ಪಿ. ರೋಡಿಗೆ ಹೋದೆವು. ಟೌನ್ ಹಾಲಿನ ಹತ್ತಿರದ ಈ ಸಾದರ ಪತ್ರಪ್ಪ ರಸ್ತೆಯನ್ನು ಕಾಣದವರಿಗೆ ಬೆಂಗಳೂರು ಕಂಪ್ಯೂಟರಿನ ಊರು ಎಂಬುದರ ಅರ್ಧ ಮಾತ್ರ ಗೊತ್ತು. ಗಾಜಿನ ಕಟ್ಟಡಗಳಲ್ಲಿ ಪ್ರೋಗ್ರಾಮ್ ಬರೆಯುವವರಿದ್ದಾರೆ, ಬಿಚ್ಚಿ ಕೂಡಿಸುವವರು ಇಲ್ಲಿದ್ದಾರೆ. ಒಬ್ಬರು ಏರಿದರೆ ಇನ್ನೊಬ್ಬರು ಇಳಿಯಲಾಗದ ಮೆಟ್ಟಿಲು, ಮೇಲೆ ಮಂಚದಗಲದ ಅಂಗಡಿ. ಹುಡುಗನೊಬ್ಬ ತಲೆಯೆತ್ತದೆ ಕೇಳಿದ, “ಏನು ಬಿತ್ತು?”

“ನೀರು” ಎಂದ ನಮ್ಮವನು.

ಆತ ತಿರುಪುಗಳನ್ನು ಬಿಚ್ಚಿ, ಮೊದಲು ಬ್ಯಾಟರಿಯ ಕನೆಕ್ಟರ್ ಕಿತ್ತು, ಕೀಬೋರ್ಡಿನ ಅಡಿಯ ಕಂದು ಪದರವನ್ನು ಉಗುರಿನಿಂದ ಕೆರೆದು ಮೂಸಿದ. “ಎಲ್ಲರೂ ನೀರು ಅಂತಾನೇ ಹೇಳೋದು ಸಾರ್. ಬಿಚ್ಚಿದ್ರೆ ಏಲಕ್ಕಿ ವಾಸನೆ. ಮೊನ್ನೆ ಒಬ್ಬರದು ಪಾಯಸ.” ಸುಳ್ಳು ಹೇಳಿದರೂ ಪ್ರಯೋಜನವಿಲ್ಲವಂತೆ. ಕೆಲವು ಲ್ಯಾಪ್‌ಟಾಪುಗಳ ಒಳಗೆ ಪುಟ್ಟ ಬಿಳಿ ಚುಕ್ಕೆಗಳನ್ನು ಅಂಟಿಸಿರುತ್ತಾರೆ, ಒದ್ದೆ ತಗಲಿದರೆ ಅವು ಕೆಂಪಾಗುತ್ತವೆ. ವಾರಂಟಿ ಕೇಳಿಕೊಂಡು ಹೋದವರಿಗೆ ಅದನ್ನೇ ತೋರಿಸಿ ಕಳಿಸುತ್ತಾರೆ.

ಆಮೇಲೆ ಆತ ಮಾಡಿದ್ದನ್ನು ನೋಡಿ ನಾನೂ ಅಳಿಯನೂ ಮುಖ ಮುಖ ನೋಡಿಕೊಂಡೆವು. ಬೋರ್ಡನ್ನು ಹೊರತೆಗೆದ. ಐಸೊಪ್ರೊಪೈಲ್ ಆಲ್ಕೊಹಾಲ್ ಸುರಿದ. ಹಲ್ಲುಜ್ಜುವ ಬ್ರಷ್ಷಿನಿಂದ ಮೂಲೆಮೂಲೆ ತಿಕ್ಕಿ ತೊಳೆದ. ಅಕ್ಷರಶಃ ತೊಳೆದ! ಆ ಆಲ್ಕೊಹಾಲ್ ನೀರನ್ನೂ ಎಳೆದುಕೊಂಡು ಬೇಗ ಹಾರಿಹೋಗುತ್ತದೆ, ಹಿಂದೆ ಏನನ್ನೂ ಉಳಿಸುವುದಿಲ್ಲ. ಇಡೀ ಮನೆಯಲ್ಲಿ ಸರಿಯಾದದ್ದು ಹೇಳಿದ್ದು ಮಡಿಯ ಅಮ್ಮ ಒಬ್ಬಳೇ.

ಬೋರ್ಡು ಬದುಕಿತು, ರಿಪೋರ್ಟೂ ಸಿಕ್ಕಿತು. ಕೀಬೋರ್ಡು ಮಾತ್ರ ಹೊಸದು ಹಾಕಿಸಬೇಕಾಯಿತು. ಆತ ಕೆಲಸ ಮಾಡುತ್ತಲೇ ಹೇಳಿದ ಇನ್ನೊಂದು ಮಾತು ತಲೆಯಲ್ಲಿ ಉಳಿದಿದೆ. ಆಫ್ ಆಗಿದೆ ಎಂದು ನಾವು ನಂಬಿದ ಲ್ಯಾಪ್‌ಟಾಪಿನಲ್ಲೂ ಬ್ಯಾಟರಿ ಇರುವಷ್ಟು ಕಾಲ ಬೋರ್ಡಿನ ಕೆಲವು ಭಾಗಗಳಿಗೆ ವಿದ್ಯುತ್ತು ಹೋಗುತ್ತಲೇ ಇರುತ್ತದೆ. ಮೊದಲೆಲ್ಲ ಅಡಿಯ ಚಿಲಕ ಸರಿಸಿದರೆ ಬ್ಯಾಟರಿ ಕೈಗೆ ಬರುತ್ತಿತ್ತು. ಈಗ ತೆಳ್ಳಗಿರಬೇಕೆಂಬ ಹಟಕ್ಕೆ ಅದನ್ನು ಹೊಟ್ಟೆಯೊಳಗೆ ಮುಚ್ಚಿಟ್ಟಿದ್ದಾರೆ. ನನ್ನ ಪ್ರಕಾರ ಇದು ಸುಧಾರಣೆಯಲ್ಲ.

ಸಾಫ್ಟ್‌ವೇರಿನಲ್ಲೂ ಇದೇ ಕಥೆ. ಆಫ್ ಮಾಡಿ ಆನ್ ಮಾಡಿ ಎಂಬ ಸಲಹೆಗೆ ನಗುತ್ತೇವೆ. ನೆನಪಿನಲ್ಲಿ ಸೇರಿಕೊಂಡ ಗೋಜಲು ಅಳಿದು ಎಲ್ಲ ಮೊದಲಿನಿಂದ ಶುರುವಾಗುವುದರಿಂದ ಅದು ಫಲಿಸುತ್ತದೆ. ಆದರೆ 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ, ಬೇಗ ಎದ್ದೇಳಲಿ ಎಂಬ ಆಸೆಗೆ, ಶಟ್ ಡೌನ್ ಮಾಡಿದರೂ ಒಳಗಿನ ಒಂದು ಭಾಗವನ್ನು ಹಾಗೇ ಡಿಸ್ಕಿಗೆ ಬರೆದಿಟ್ಟುಕೊಂಡು ಮಲಗುವ ಏರ್ಪಾಡಿದೆ. ಗೋಜಲೂ ಜೊತೆಗೇ ಮಲಗಿ ಜೊತೆಗೇ ಏಳುತ್ತದೆ. ಪೂರ್ತಿ ಹೊಸದಾಗಿ ಎಬ್ಬಿಸಲು ರೀಸ್ಟಾರ್ಟನ್ನೇ ಒತ್ತಬೇಕು. ಪ್ರಿಂಟರಿನ ಬಗ್ಗೆ ನಾನೇನೂ ಬರೆಯುವುದಿಲ್ಲ, ಅದಕ್ಕೆ ಬೇರೆಯೇ ಗ್ರಹಗತಿ ಇದೆ.

ನಿಮ್ಮ ಮನೆಯಲ್ಲೂ ಚೆಲ್ಲಿದರೆ ಚಾರ್ಜರ್ ಕೀಳಿ. ಇನ್ನೂ ಉರಿಯುತ್ತಿದ್ದರೆ ಪವರ್ ಬಟನ್ನನ್ನು ಆರುವವರೆಗೆ ಒತ್ತಿ ಹಿಡಿಯಿರಿ, ಆಮೇಲೆ ಅದರ ತಂಟೆಗೆ ಹೋಗಬೇಡಿ. ತೆರೆದು ಬೋರಲು ನಿಲ್ಲಿಸಿ ಸೋರಲು ಬಿಡಿ, ಅದೇ ದಿನ ಬಿಚ್ಚುವವರ ಹತ್ತಿರ ಒಯ್ಯಿರಿ. ಕೊಠಡಿಯ ಬಾಗಿಲಲ್ಲಿ ಅಮ್ಮನಿಗೆ ಬೇಕಾದರೆ ನೀರು ಎಂದು ಹೇಳಿ. ಅಂಗಡಿಯವನಿಗೆ ಮಾತ್ರ ನಿಜ ಹೇಳಿ: ಏನು ಬಿತ್ತು, ಎಷ್ಟು ಹೊತ್ತಾಯಿತು, ಆಮೇಲೆ ಆನ್ ಮಾಡಿದಿರೋ ಇಲ್ಲವೋ. ಸಕ್ಕರೆ ಎಷ್ಟು ಚಮಚ ಎಂಬುದನ್ನೂ.