ಗಾಳಿಗೊಂದು ಕವಚ

'ಗಾಳಿಯನ್ನು ಗುದ್ದಿ ಮೈ ನೋಯಿಸಿಕೊಂಡ' ಎಂದು ನಮ್ಮಲ್ಲೊಂದು ಗಾದೆಯಿದೆ. ವ್ಯರ್ಥವಾದ ಕೆಲಸಕ್ಕೆ ಕೈಹಾಕಿ ಸೋತವನನ್ನು ಕುರಿತು ಆಡುವ ಮಾತು ಅದು. ಈ ಗಾದೆಯನ್ನು ಕಟ್ಟಿದ ಹಿರಿಯರು ಮೋಟಾರ್ ಸೈಕಲ್ ಹತ್ತಿದವರಲ್ಲ. ಹತ್ತಿದ್ದರೆ, ಅದರಲ್ಲಿ ಅಲಂಕಾರವೇನೂ ಇಲ್ಲ, ಇರುವುದೆಲ್ಲ ಅಕ್ಷರಶಃ ಸತ್ಯ ಎಂಬುದು ಅವರಿಗೆ ತಿಳಿಯುತ್ತಿತ್ತು. ಬೈಕಿನ ಮೇಲೆ ಕುಳಿತು ಹೆದ್ದಾರಿಯಲ್ಲಿ ಹೋಗುವ ಪ್ರತಿಯೊಬ್ಬನೂ ಗಾಳಿಯನ್ನು ಗುದ್ದುತ್ತಲೇ ಇರುತ್ತಾನೆ. ಸಂಜೆ ಮನೆಗೆ ಬಂದು ಕತ್ತಿಗೂ ಭುಜಕ್ಕೂ ಎಣ್ಣೆ ತಿಕ್ಕಿಕೊಳ್ಳುತ್ತಲೂ ಇರುತ್ತಾನೆ.

ನಿಂತ ಗಾಳಿಯಷ್ಟು ಸಾಧುವಾದ ವಸ್ತು ಇನ್ನೊಂದಿಲ್ಲ. ಅದನ್ನು ಕೆಣಕುವವರು ನಾವು. ಕೆಣಕಿದಷ್ಟೂ ಅದರ ಸಿಟ್ಟು ಏರುವ ಲೆಕ್ಕ ಮಾತ್ರ ಚಕ್ರಬಡ್ಡಿಯ ಸಾಹುಕಾರನನ್ನೂ ನಾಚಿಸುವಂಥದು. ವೇಗ ಎರಡರಷ್ಟಾದರೆ ಗಾಳಿಯ ತಡೆ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಆ ತಡೆಯನ್ನು ಸೀಳಿಕೊಂಡು ಹೋಗಲು ಎಂಜಿನ್ನು ಒದಗಿಸಬೇಕಾದ ಶಕ್ತಿ ಎಂಟರಷ್ಟು. ಗಂಟೆಗೆ 50 ಕಿಲೋಮೀಟರಿನಲ್ಲಿ ಅಂಗಿಯನ್ನು ಪಟಪಟನೆ ಆಡಿಸುವ ತಂಗಾಳಿಯೇ, 100 ಮುಟ್ಟಿದಾಗ, ನೆಟ್ಟಗೆ ಕುಳಿತವನ ಎದೆಯ ಮೇಲೆ 15–20 ಕಿಲೋ ತೂಕದ ಮೂಟೆಯನ್ನು ಒರಗಿಸಿದಂತೆ ಒತ್ತುತ್ತದೆ. ಆ ಮೂಟೆಯನ್ನು ಹೊತ್ತುಕೊಂಡೇ ಮೂರು ನಾಲ್ಕು ಗಂಟೆ ಸಾಗಬೇಕು. ಕೈಗಳು ಹಿಡಿಯನ್ನು ಬಿಡುವಂತಿಲ್ಲ.

ಇದಕ್ಕೆ ಮನುಷ್ಯ ಕಂಡುಕೊಂಡ ಉಪಾಯವೇ ಫೇರಿಂಗ್. ಎಂಜಿನ್ನನ್ನೂ ಚೌಕಟ್ಟನ್ನೂ ಮರೆಮಾಡಿ, ಮುಂದುಗಡೆ ದೀಪದ ಸುತ್ತ ಕೊಕ್ಕಿನಂತೆ ಚಾಚಿಕೊಂಡು, ಮೇಲುಗಡೆ ಒಂದು ಪಾರದರ್ಶಕ ಪರದೆಯನ್ನು ಹೊತ್ತು ನಿಂತಿರುವ ಆ ಬಣ್ಣದ ಹೊದಿಕೆಯನ್ನು ನೀವು ನೋಡಿಯೇ ಇರುತ್ತೀರಿ. ಅದು ಬರಿಯ ಶೃಂಗಾರವೆಂದು ತಿಳಿದವರು ಬಹಳ. ಎದುರಿಗೆ ಬರುವ ಗಾಳಿಯನ್ನು ಎರಡು ಪಕ್ಕಕ್ಕೂ ತಲೆಯ ಮೇಲಕ್ಕೂ ಜಾರಿಸಿ, ಹಿಂದೆ ಕುಳಿತವನನ್ನು ಒಂದು ಪುಟ್ಟ ನೆಮ್ಮದಿಯ ಕೋಣೆಯಲ್ಲಿ ಇಡುವುದು ಅದರ ಮುಖ್ಯ ಕೆಲಸ. ಮಳೆ, ಚಳಿ, ದೂಳು, ಲಾರಿಯ ಗಾಲಿ ಎಸೆಯುವ ಸಣ್ಣ ಕಲ್ಲು, ಮುಸ್ಸಂಜೆಯ ಹುಳು, ಇವುಗಳಿಂದಲೂ ಅಷ್ಟಿಷ್ಟು ರಕ್ಷಣೆ ಉಂಟು. ತಡೆ ಕಡಿಮೆಯಾದುದರಿಂದ ಅದೇ ಎಂಜಿನ್ನು ಇನ್ನಷ್ಟು ವೇಗವಾಗಿಯೋ, ಅದೇ ವೇಗಕ್ಕೆ ಇನ್ನಷ್ಟು ಕಡಿಮೆ ಪೆಟ್ರೋಲಿನಲ್ಲೋ ಓಡುತ್ತದೆ.

ಕನ್ನಡ ಮೇಷ್ಟರಾದ ನಮಗೆ ಯಾವ ವಸ್ತುವನ್ನು ಕಂಡರೂ ಮೊದಲು ಅದರ ಹೆಸರಿನ ಚಿಂತೆ. ಫೇರಿಂಗ್ ಎಂಬುದಕ್ಕೂ ಮೈಬಣ್ಣದ ಬಿಳುಪಿಗೂ ಸಂಬಂಧವಿಲ್ಲ. ಅದು ಹಡಗು ಕಟ್ಟುವವರ ಮಾತು. ಹಲಗೆಗಳ ಉಬ್ಬುತಗ್ಗನ್ನು ತೀಡಿ, ನೀರು ಎಲ್ಲಿಯೂ ತಡೆಯದೆ ಜಾರುವಂತೆ ಒಂದೇ ನುಣುಪಾದ ಗೆರೆಗೆ ತರುವುದನ್ನು ಅವರು 'ಫೇರ್' ಮಾಡುವುದು ಎನ್ನುತ್ತಾರೆ. ಹಡಗಿನಿಂದ ವಿಮಾನಕ್ಕೆ, ವಿಮಾನದಿಂದ ಬೈಕಿಗೆ ಆ ಮಾತು ಬಂತು. ಕವಚ ಎನ್ನೋಣವೆಂದರೆ ಕರ್ಣನ ನೆನಪಾಗುತ್ತದೆ; ಆದರೆ ಕರ್ಣನದು ಬಾಣವನ್ನು ತಡೆಯುತ್ತಿತ್ತು, ಇದು ಬರಿಯ ಗಾಳಿಯನ್ನು ತಡೆಯುತ್ತದೆ. ಇನ್ನು, ಈ ಕವಚವಿಲ್ಲದ ಬೈಕಿಗೆ ಇಂಗ್ಲಿಷಿನವರು ಇಟ್ಟಿರುವ ಹೆಸರು 'ಬೆತ್ತಲೆ ಬೈಕು'! ನಾನು ದಿನವೂ ಕಾಲೇಜಿಗೆ ಹೋಗುವುದು ಅಂಥದರ ಮೇಲೆಯೇ ಎಂಬುದನ್ನು ತರಗತಿಯಲ್ಲಿ ಹೇಳುವ ಧೈರ್ಯ ನನಗಿಲ್ಲ.

ಈ ಕವಚದ ಕಥೆಯಲ್ಲಿ ನನಗೆ ಬಹಳ ಮೆಚ್ಚಿಗೆಯಾದ ಅಧ್ಯಾಯ ಇಟಲಿಯದು. ಕೋಮೋ ಸರೋವರದ ದಂಡೆಯಲ್ಲಿ ಮಾಂಡೆಲ್ಲೊ ಡೆಲ್ ಲಾರಿಯೊ ಎಂಬ ಊರಿದೆ. ಅಲ್ಲಿನ ಮೋಟೊ ಗುಜ್ಜಿ ಕಾರ್ಖಾನೆಯವರು 1950ರಲ್ಲಿ ಒಂದು ಗಾಳಿಸುರಂಗವನ್ನು ಕಟ್ಟಿದರು. ಬೈಕನ್ನೂ ಸವಾರನನ್ನೂ ಅದರೊಳಗೆ ನಿಲ್ಲಿಸಿ, ದೊಡ್ಡ ಫ್ಯಾನಿನಿಂದ ಗಾಳಿಯನ್ನು ಹರಿಸಿ, ಅದು ಎಲ್ಲಿ ಜಾರುತ್ತದೆ, ಎಲ್ಲಿ ಎಡವುತ್ತದೆ ಎಂದು ನೋಡುತ್ತಿದ್ದರು. ಅಂಥ ಪರೀಕ್ಷೆಗಳಿಂದ ಹುಟ್ಟಿದ್ದು, ಮುಂಚಕ್ರವನ್ನೂ ಪೂರಾ ನುಂಗಿಬಿಟ್ಟ ಒಂದು ದುಂಡನೆಯ ಹೊದಿಕೆ. ಇಂಗ್ಲಿಷಿನವರು ಅದಕ್ಕೆ 'ಕಸದ ಡಬ್ಬಿ' ಎಂದು ಹೆಸರಿಟ್ಟರು. ಡಬ್ಬಿಯಾದರೇನು? ಅದನ್ನು ತೊಟ್ಟ ಗುಜ್ಜಿಯವರ ಎಂಟು ಸಿಲಿಂಡರಿನ ಪಂದ್ಯದ ಬೈಕು 1957ರಲ್ಲಿ ಗಂಟೆಗೆ 270 ಕಿಲೋಮೀಟರನ್ನೂ ಮೀರಿ ಓಡಿತು.

ಆದರೆ ಎದುರುಗಾಳಿಯನ್ನು ಗೆದ್ದ ಆ ಡಬ್ಬಿ ಅಡ್ಡಗಾಳಿಗೆ ಸೋತಿತು. ಪಕ್ಕದಿಂದ ಬೀಸುವ ಗಾಳಿಗೆ ಅಷ್ಟಗಲದ ಹೊದಿಕೆ ದೋಣಿಯ ಹಾಯಿಯಂತೆ ಆಗುತ್ತಿತ್ತು. ಹೊದಿಕೆಯ ಭಾರಿ ಭಾಗ ಮುಂದುಗಡೆಯೇ ಇದ್ದುದರಿಂದ ಗಾಳಿ ಮೊದಲು ಮುಂಚಕ್ರವನ್ನು ದಾರಿ ತಪ್ಪಿಸುತ್ತಿತ್ತು. ಕೊನೆಗೆ ಅಂತರರಾಷ್ಟ್ರೀಯ ಮೋಟಾರ್ ಸೈಕಲ್ ಒಕ್ಕೂಟದವರು 1958ರಿಂದ ಅದನ್ನು ಪಂದ್ಯಗಳಲ್ಲಿ ನಿಷೇಧಿಸಿದರು. ಆಮೇಲೆ ಉಳಿದದ್ದು ಮುಂಚಕ್ರವನ್ನು ಹೊರಗೆ ಬಿಟ್ಟ, 'ಡಾಲ್ಫಿನ್' ಎಂಬ ಹೆಸರಿನ ಕವಚ. ಇಂದು ನಮ್ಮ ಬೀದಿಗಳಲ್ಲಿ ಕಾಣುವುದು ಅದರ ಮರಿಮಕ್ಕಳನ್ನೇ. ಪಂದ್ಯದ ಈ ಉಡುಪು ದೂರದ ಪ್ರಯಾಣಿಕನಿಗೂ ಬೇಕು ಎಂದು ಮನಗಂಡು, ಗಾಳಿಸುರಂಗದಲ್ಲಿ ಪರೀಕ್ಷಿಸಿ ರೂಪಿಸಿದ ಪೂರ್ಣ ಕವಚವನ್ನು ಕಾರ್ಖಾನೆಯಿಂದಲೇ ತೊಡಿಸಿ ಮಾರಿದವರು ಜರ್ಮನಿಯ ಬಿಎಂಡಬ್ಲ್ಯು ಕಂಪನಿಯವರು. 1976ರ ಆರ್100ಆರ್‌ಎಸ್ ಆ ಬೈಕು. ಮೊದಲು ಅಲ್ಯೂಮಿನಿಯಂ ತಗಡನ್ನು ಕೈಯಿಂದ ಬಡಿದು ಮಾಡುತ್ತಿದ್ದುದು ಆಮೇಲೆ ಗಾಜುನಾರಿಗೆ ಬಂತು. ಈಗ ಬಹುಮಟ್ಟಿಗೆ ಪ್ಲಾಸ್ಟಿಕ್.

ನಮ್ಮಲ್ಲಿ ಈ ಉಡುಪು ಬಂದದ್ದು ತಡವಾಗಿ. 1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿಗಳು ಎಂಜಿನ್ನನ್ನು ಹೊರಗೇ ಇಟ್ಟುಕೊಂಡು ಮೆರೆದವು. ಅದನ್ನು ಮುಚ್ಚಬೇಕೆಂದು ಯಾರಿಗೂ ಅನಿಸಲಿಲ್ಲ. 2003ರಲ್ಲಿ ಅರ್ಧ ಕವಚದ ಕರಿಜ್ಮಾ ಬಂತು. 2008ರಲ್ಲಿ ಪೂರ್ಣ ಕವಚದ ಯಮಹಾ ಆರ್15 ಬಂದ ಮೇಲೆ ಕಾಲೇಜಿನ ಹುಡುಗರ ಕನಸಿನ ಆಕಾರವೇ ಬದಲಾಯಿತು.

ಇಷ್ಟೆಲ್ಲ ವಿಚಾರ ಮಾಡುವ ಪ್ರಸಂಗ ನನಗೆ ಬಂದದ್ದು ಅಕ್ಕನ ಮಗನಿಂದ. ಅವನಿಗೆ ಬೆಂಗಳೂರಿನಲ್ಲಿ ಕೆಲಸ, ಮನೆ ಚಿತ್ರದುರ್ಗದಲ್ಲಿ. ಶುಕ್ರವಾರ ಆಫೀಸು ಮುಗಿಸಿ, ತುಮಕೂರು, ಶಿರಾ, ಹಿರಿಯೂರುಗಳನ್ನು ದಾಟಿ ಸುಮಾರು 200 ಕಿಲೋಮೀಟರು ಬೈಕಿನಲ್ಲಿ ಬರುತ್ತಾನೆ. ಅವನು ಬರುವವರೆಗೂ ಅಕ್ಕ ಮುಂಬಾಗಿಲಿನ ದೀಪ ಆರಿಸುವುದಿಲ್ಲ. ಹಳೆಯ ಬೈಕನ್ನು ಕೊಟ್ಟು ಫೇರಿಂಗ್ ಇರುವುದನ್ನು ಕೊಳ್ಳುತ್ತೇನೆಂದು ಅವನು ಹೊರಟಾಗ ಮನೆಯಲ್ಲಿ ರಂಪವಾಯಿತು. ಭಾವನವರ ವಾದ ಸರಳವಾದದ್ದು: "ಬಣ್ಣದ ಪ್ಲಾಸ್ಟಿಕ್ಕಿಗೆ ನಲವತ್ತು ಸಾವಿರ ಹೆಚ್ಚು ಸುರಿಯಬೇಕೇ? ನಿಂತಲ್ಲೇ ಒಂದು ಸಲ ಮಗುಚಿದರೆ ಆ ಪ್ಲಾಸ್ಟಿಕ್ ಉಳಿಯುತ್ತದೆಯೇ?"

ಹುಡುಗ ನನ್ನ ಕಡೆ ತಿರುಗಿದ. "ಮಾವ, ನೀವಾದರೂ ಹೇಳಿ. ಹಿರಿಯೂರು ದಾಟೋ ಹೊತ್ತಿಗೆ ನನ್ನ ಕೈ ನನ್ನದು ಅನ್ನಿಸೋಲ್ಲ. ಕಡೇ ನಲವತ್ತು ಕಿಲೋಮೀಟರು ಹೇಗೆ ಬಂದೆ ಅಂತ ಎಷ್ಟೋ ಸಲ ನೆನಪೇ ಇರೋಲ್ಲ."

ಆ ಕಡೆಯ ಮಾತು ಕೇಳಿ ಅಕ್ಕನ ಮುಖ ಕಪ್ಪಿಟ್ಟಿತು. ನನಗೂ ಅದು ನಾಟಿತು. ವೇಗದ ಆಸೆಗೆ ಬುದ್ಧಿ ಹೇಳಬಹುದು. ಆಯಾಸಕ್ಕೆ ಏನು ಹೇಳುವುದು?

ಅವನ ಗೆಳೆಯನ ಬಳಿ ಅಂಥದೇ ಬೈಕು ಇತ್ತು. ಅದನ್ನು ತರಿಸಿಕೊಂಡು ಹಿರಿಯೂರಿನ ಕಡೆಗೆ ನಾನೇ ಒಂದಿಷ್ಟು ದೂರ ಹೋದೆ. ಆಷಾಢದ ದಿನ. ಜೋಗಿಮಟ್ಟಿಯ ಗುಡ್ಡದ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲವಷ್ಟೆ. ಆ ಸೀಮೆಯ ಗಾಳಿ ಕರೆಂಟು ಹುಟ್ಟಿಸುವ ಗಾಳಿ. ಆದರೂ ಪರದೆಯ ಹಿಂದೆ ಸ್ವಲ್ಪ ಬಾಗಿ ಕುಳಿತಾಗ ಎದೆಯ ಮೇಲಿನ ಮೂಟೆಯನ್ನು ಯಾರೋ ಇಳಿಸಿಕೊಂಡಂತಾಯಿತು. ಆ ಸುಖದಲ್ಲಿ ನಾನು 60ರಲ್ಲಿದ್ದೇನೆಂದು ಮೈ ಹೇಳುತ್ತಿತ್ತು. ಮೀಟರು 85 ಎನ್ನುತ್ತಿತ್ತು. ಬೆತ್ತಲೆ ಬೈಕಿನಲ್ಲಿ ಗಾಳಿಯೇ ಮೀಟರು. ಹೆಚ್ಚಾಯಿತು ಎಂದು ಅದು ಕಪಾಳಕ್ಕೆ ಹೊಡೆದು ಹೇಳುತ್ತದೆ. ಇಲ್ಲಿ ಆ ಹಿರಿಯನ ಬಾಯನ್ನು ಕಟ್ಟಿಹಾಕಿದ್ದರು. ಮುಂದೆ, ಸಾಲಾಗಿ ಹೋಗುತ್ತಿದ್ದ ಲಾರಿಗಳ ಮರೆ ತಪ್ಪಿದ ಕೂಡಲೇ ಬಲಗಡೆಯಿಂದ ಬೀಸಿದ ಗಾಳಿ ಬೈಕನ್ನು ಮೊಳದಷ್ಟು ಪಕ್ಕಕ್ಕೆ ತಳ್ಳಿತು. ಮಾಂಡೆಲ್ಲೊದ ಕಸದ ಡಬ್ಬಿಯ ಕಷ್ಟವೇನೆಂಬುದು ಆಗ ನನ್ನ ಅಂಗೈಗೆ ಅರ್ಥವಾಯಿತು.

ಮನೆಗೆ ಬಂದವನನ್ನು ಅಕ್ಕ ಅಡಿಗೆಮನೆಯ ಬಾಗಿಲಲ್ಲಿ ನಿಲ್ಲಿಸಿಕೊಂಡು ಮೆಲ್ಲಗೆ ಕೇಳಿದಳು: "ಬಿದ್ದರೆ ಅದು ಕಾಪಾಡುತ್ತೇನೋ?"

ತಾಯಿಯ ಮುಂದೆ ಇಂಥ ಪ್ರಶ್ನೆಗೆ ಸುಳ್ಳು ಹೇಳುವುದು ಸುಲಭ. "ಇಲ್ಲ ಅಕ್ಕ," ಎಂದೆ. "ಬಿದ್ದರೆ ಕಾಪಾಡೋದು ಹೆಲ್ಮೆಟ್ಟು, ದಪ್ಪ ಜಾಕೆಟ್ಟು, ಅಷ್ಟೆ. ಇದು ಅವನನ್ನು ಸುಸ್ತಾಗದ ಹಾಗೆ ನೋಡಿಕೊಳ್ಳುತ್ತೆ. ಸುಸ್ತಾಗದವನು ಬೀಳೋದು ಕಡಿಮೆ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ತಗೊಳ್ಳಲಿ," ಎಂದಳು. ಭಾವನವರು ಪತ್ರಿಕೆಯಿಂದ ತಲೆ ಎತ್ತಲಿಲ್ಲ; ಆದರೆ ಮರುವಾರ ಬ್ಯಾಂಕಿಗೆ ಹೋಗಿಬಂದವರು ಅವರೇ. ಹುಡುಗನಿಗೆ ನಾನು ಹಾಕಿದ ಷರತ್ತುಗಳು ಎರಡು: ಮೈಯ ಮಾತು ನಂಬದೆ ಮೀಟರು ನೋಡುವುದು, ಅಡ್ಡಗಾಳಿ ಇರುವ ದಿನ ಶಿರಾದಲ್ಲಿ ಬೈಕು ನಿಲ್ಲಿಸಿ ಬಸ್ಸು ಹತ್ತುವುದು. ಎರಡನೆಯದಕ್ಕೆ ಅವನು ನಕ್ಕ. ಆದರೆ ಕಳೆದ ಆಷಾಢದಲ್ಲಿ ಒಂದು ಸಲ ಹಾಗೆಯೇ ಮಾಡಿದ.

ಈಗ ಶುಕ್ರವಾರ ಸಂಜೆ ಅಕ್ಕ ಅಂಗಳಕ್ಕೆ ಬಂದು ಎದುರುಮನೆಯ ತೆಂಗಿನ ಮರದ ತುದಿಯನ್ನು ನೋಡುತ್ತಾಳೆ. ಗರಿ ಯಾವ ಕಡೆಗೆ ಬಾಗಿದೆ, ಎಷ್ಟು ಬಾಗಿದೆ ಎಂದು ಅಳೆದು, ಆಮೇಲೆ ಮಗನಿಗೆ ಫೋನು ಮಾಡುತ್ತಾಳೆ. ಯಾವ ಗಾಳಿಸುರಂಗದಲ್ಲಿಯೂ ಇಷ್ಟು ಶ್ರದ್ಧೆಯ ಪರೀಕ್ಷಕರು ಇರಲಾರರು.